ಸುಣ್ಣಕಟ್ಟು ರೋಗವೂ ಸೂಕ್ಷ್ಮದರ್ಶಕವೂ

ರಾಮನಗರ, ಕೋಲಾರದ ಕಡೆಯ ನಮ್ಮ ಓದುಗರಿಗೆ ರೇಷ್ಮೆಹುಳುವಿನ ಸುಣ್ಣಕಟ್ಟು ರೋಗವನ್ನು ವಿವರಿಸಬೇಕಾಗಿಲ್ಲ. ಸತ್ತ ಹುಳು ಕಡ್ಡಿಯಂತೆ ಬಿರುಸಾಗಿ, ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಪ್ರಾಣಿಗಳ ರೋಗಕ್ಕೆ ಕಣ್ಣಿಗೆ ಕಾಣದ ಜೀವಿಯೊಂದು ಕಾರಣವಾಗಬಲ್ಲುದೆಂದು ಜಗತ್ತು ಮೊದಲು ತಿಳಿದದ್ದು ಈ ಬಡಹುಳುವಿನಿಂದಲೇ.

ತಿಳಿಸಿಕೊಟ್ಟವರು ಇಟಲಿಯ ಲೋದಿ ಸೀಮೆಯ ಅಗೊಸ್ತಿನೊ ಬಾಸಿ. ಕಾನೂನು ಓದಿದವರು, ವೈದ್ಯರಲ್ಲ. 1807ರಲ್ಲಿ ಈ ರೋಗದ ಬೆನ್ನು ಹತ್ತಿ, ಅದು ಹುಳುವಿನಲ್ಲಿ ತಾನೇ ಹುಟ್ಟುವುದೆಂದು ನಂಬಿ, ಹುಳುಗಳಿಗೆ ಮಾಡಬಾರದ್ದನ್ನೆಲ್ಲ ಮಾಡಿ ವರ್ಷಗಟ್ಟಲೆ ಸೋತರು. ಕೊನೆಗೆ ಸತ್ತ ಹುಳುವಿನ ಮೇಲಿನ ಬಿಳಿಯ ಹುಡಿಯನ್ನೇ ಆರೋಗ್ಯದ ಹುಳುವಿಗೆ ಸೋಕಿಸಿದರು, ಅದೂ ಸುಣ್ಣಕಟ್ಟಿತು. ಆ ಹುಡಿ ಶಿಲೀಂಧ್ರದ ಬೀಜಾಣು. 1835ರಲ್ಲಿ ಗ್ರಂಥ ಹೊರಬಂತು. ಪಾಸ್ತರರ ಹೆಸರು ಕೇಳಿಬರಲು ಇನ್ನೂ ಎರಡು ದಶಕಗಳಿದ್ದುವು. ಅಷ್ಟರಲ್ಲಿ ಬಾಸಿಯವರ ದೃಷ್ಟಿ ಮಂದವಾಗಿತ್ತು.

1839ರಲ್ಲಿ ಶೋನ್‌ಲೈನ್ ಮನುಷ್ಯರ ತಲೆಯ ಹುಣ್ಣಿನಲ್ಲೂ, 1841ರಲ್ಲಿ ಪ್ಯಾರಿಸಿನಲ್ಲಿ ಗ್ರೂಬಿ ಸ್ವತಂತ್ರವಾಗಿಯೂ ಶಿಲೀಂಧ್ರವನ್ನು ಕಂಡರು.

ಇದು ಹಳೆಯ ಕಥೆಯೆನ್ನಬೇಡಿ. ಊರಿನಲ್ಲಿ ಭತ್ತ ಬಡಿಯುವಾಗಲೋ ಕಬ್ಬು ಕಡಿಯುವಾಗಲೋ ಕಣ್ಣಿಗೆ ಗರಿ ತಗುಲಿದರೆ ಶಿಲೀಂಧ್ರ ಹತ್ತಿ ಹುಣ್ಣಾಗುವುದುಂಟು. ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಹನಿ ತಂದು ಹಾಕಿದರೆ ಹುಣ್ಣು ಕೆರಳಿ ಕಣ್ಣೇ ಹೋಗಬಹುದು. ಫೋನಿನಲ್ಲಿ ಅಣ್ಣನೋ ಅತ್ತಿಗೆಯೋ ‘ಹನಿ ಹಾಕಿದ್ದೇವೆ’ ಎಂದಾಗ ‘ಯಾವ ಹನಿ?’ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ?

ನಿರ್ಣಯಕ್ಕೆ ದಾರಿ ಸರಳ. ಹುಣ್ಣನ್ನು ಮೆಲ್ಲಗೆ ಕೆರೆದು ತೆಗೆದದ್ದನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಡುತ್ತಾರೆ. ನಮ್ಮ ಜೀವಕೋಶಗಳು ಕರಗುತ್ತವೆ. ಗಟ್ಟಿ ಗೋಡೆಯ ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ಆದರೆ ಆ ಎಳೆಯನ್ನು ಗುರುತಿಸುವ ಪಳಗಿದ ಕಣ್ಣು ತಾಲ್ಲೂಕು ಊರುಗಳಲ್ಲಿ ದುರ್ಲಭ.

ಈ ಕೊರತೆಗೆಂದೇ ಕಳೆದ ಹತ್ತು ವರ್ಷಗಳಲ್ಲಿ ಕಂಪ್ಯೂಟರಿಗೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೋರಿಸಿ ಕಲಿಸುವ ‘ಡೀಪ್ ಲರ್ನಿಂಗ್’ ಪ್ರಯೋಗಗಳು ನಡೆದಿವೆ. ಎಳೆ ಹೀಗಿರುತ್ತದೆಂದು ಯಾರೂ ಅದಕ್ಕೆ ಸೂತ್ರ ಹೇಳಿಕೊಡುವುದಿಲ್ಲ. ಸಾವಿರಾರು ಚಿತ್ರಗಳಿಂದ ಅದೇ ಲಕ್ಷಣವನ್ನು ಹೆಕ್ಕಿಕೊಳ್ಳುತ್ತದೆ, ಮಗು ಅಕ್ಷರ ಕಲಿತಂತೆ. ಹತ್ತಿಯ ನೂಲನ್ನು ಶಿಲೀಂಧ್ರವೆಂದು ಭ್ರಮಿಸುವುದೂ, ಬೇರೆ ಪ್ರಯೋಗಾಲಯದ ಬಣ್ಣ, ಬೇರೆ ಕ್ಯಾಮೆರಾ ಬಂದರೆ ತಡವರಿಸುವುದೂ ಉಂಟು. ‘ಇದು ಶಿಲೀಂಧ್ರ, ಇದಲ್ಲ’ ಎಂದು ಆ ಚಿತ್ರಗಳಿಗೆ ಮೊದಲು ಗುರುತು ಹಾಕಿಕೊಟ್ಟವರು ಮನುಷ್ಯರೇ. ಅವರು ತಪ್ಪಿದ ಕಡೆ ಯಂತ್ರವೂ ತಪ್ಪನ್ನೇ ಕಲಿಯುತ್ತದೆ.