ಪಹಣಿಯಲ್ಲಿ ಅಮ್ಮನ ಹೆಸರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲೇ ಪಾಠ ಹೇಳಿಕೊಂಡು ಬಂದವಳು ನಾನು. ಮಳೆ ಕಡಿಮೆ, ಕಡಲೆಕಾಯಿ ಬೆಳೆಯುವ ಸೀಮೆ. ಇಲ್ಲಿ ಹೊಲದ ಚಿಂತೆಯಷ್ಟೇ ಪಹಣಿಯ ಚಿಂತೆಯೂ ದೊಡ್ಡದು.

ನಮ್ಮಜ್ಜಿಯ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿತ್ತು. ವಂಶಪಾರಂಪರ್ಯದ ಆ ಹುದ್ದೆಯನ್ನು ತೆಗೆಯುವ 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ, ಸರ್ಕಾರಿ ಲೆಕ್ಕಿಗರು ಬಂದರು. ಬರೆಯುವ ಕೈ ಬದಲಾಯಿತು, ಪುಸ್ತಕ ಮತ್ತು ಲೇಖನಿ ಹಾಗೇ ಉಳಿದವು.

ಆ ಪುಸ್ತಕವೇ ಮೂಲೆ ಸೇರಿದ್ದು 2000-01ರ ಸುಮಾರಿಗೆ, ‘ಭೂಮಿ’ ಯೋಜನೆ ಬಂದಾಗ. ಸುಮಾರು 9,000 ಗ್ರಾಮಲೆಕ್ಕಿಗರ ಬಳಿಯಿದ್ದ ಸುಮಾರು 2 ಕೋಟಿ ಪಹಣಿಗಳು ಆಗಿನ 177 ತಾಲ್ಲೂಕುಗಳ ಕಂಪ್ಯೂಟರು ಸೇರಿದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ. ದಾಖಲೆ ತಿದ್ದುವ ನೌಕರರು ಬೆರಳಚ್ಚು ಒತ್ತಲೇಬೇಕು. ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಿಲ್ಲವೆಂದು ಜನ ಹಿಗ್ಗಿದರು.

ಅಮ್ಮನೂ ಸೆರಗಿನಲ್ಲಿ ದುಡ್ಡು ಕಟ್ಟಿಕೊಂಡು ಹೋಗಿ ಪಹಣಿ ತಂದಳು. ನೋಡಿದರೆ ಹೆಸರಿನ ಕೊನೆಯ ‘ಮ್ಮ’ ಹೋಗಿ ‘ಯ್ಯ’ ಬಂದಿದೆ! ನಾವು ನಕ್ಕೆವು. ಅಮ್ಮ ನಗಲಿಲ್ಲ. “ಹಳೇ ಲೆಕ್ಕಿಗರು ದುಡ್ಡು ಕೇಳ್ತಿದ್ರು ನಿಜ ಕಣೆ. ಆದ್ರೆ ನಾನ್ಯಾರು ಅಂತ ಅವ್ರಿಗೆ ಗೊತ್ತಿತ್ತು” ಅಂದಳು. ತಿದ್ದಿಸಲು ಎರಡು ವರ್ಷ ಅಲೆದೆವು. ಕೊನೆಗೆ ಕೈಹಿಡಿದದ್ದು ಅಜ್ಜಿಯ ಟ್ರಂಕಿನಲ್ಲಿದ್ದ, ಬೆಲೆಯಿಲ್ಲವೆಂದಿದ್ದ ಕೈಬರಹದ ನಕಲೇ.

ಕಂಪ್ಯೂಟರಿನೊಳಗೂ ಹೊಸತು ಹಳತಾಗುತ್ತಲೇ ಹೋಯಿತು. ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಿಣಿ’ ಬಂದವು. ಅವನ್ನು ‘ಭೂಮಿ’ಯೊಂದಿಗೆ ಹೊಂದಿಸಬೇಕಾಯಿತು. 2023ರಲ್ಲಿ ‘ಕಾವೇರಿ-2’ ಬಂದಾಗ, ಹಳೆಯದರಲ್ಲಿ ಪಳಗಿದ್ದವರೂ ಮತ್ತೆ ಒಂದನೇ ತರಗತಿಯಲ್ಲಿ ಕೂತಂತಾಯಿತು.

ಒಂದಕ್ಷರಕ್ಕೆ ಇಷ್ಟೇಕೆ ಗೋಳು ಎನ್ನಬೇಡಿ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೌರ ಪಾರ್ಕಿಗೆ ಹೋಯಿತು. 2018ರಲ್ಲಿ ವಿದ್ಯುತ್ತೂ ಹರಿಯಿತು. ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ಗೊತ್ತಾಗಿತ್ತು. ಅದು ಸೇರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತ ಕೂಲಿ ಹೆಂಗಸರಿಗಲ್ಲ.

2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ಆದರೆ ಯಂತ್ರ ಎಷ್ಟೇ ಹೊಸದಾಗಲಿ, ಬರೆಸದ ಹೆಸರನ್ನು ತಾನಾಗಿ ಬರೆಯದು. ತಪ್ಪು ಬರೆದರೆ ತಪ್ಪನ್ನೇ ಚೆಂದಾಗಿ ಅಚ್ಚು ಹಾಕುತ್ತದೆ. ಅಕ್ಕಂದಿರೇ, ಈ ಬೇಸಿಗೆಗೆ ತವರಿಗೆ ಹೋದಾಗ ಪಹಣಿಯನ್ನೊಮ್ಮೆ ಓದಿ ಬನ್ನಿ. ಹಳೆಯ ನಕಲನ್ನು ಮಾತ್ರ ಒಲೆಗೆ ಹಾಕಬೇಡಿ.