ಸ್ವೀಡನ್: ಸರ್ಕಾರ, ಯೂನಿಯನ್, ಕಮ್ಯುನಿಸ್ಟರ ನಂಟು

ಸ್ವೀಡನ್‌ನಲ್ಲಿ ಕಾನೂನಿನ ಪ್ರಕಾರ ಕನಿಷ್ಠ ವೇತನ ಅನ್ನೋದೇ ಇಲ್ಲ. ಯೂನಿಯನ್ ಮತ್ತು ಮಾಲೀಕರ ಸಂಘ ಕೂತು ಮಾತಾಡಿ ಸಂಬಳ ನಿಗದಿ ಮಾಡುತ್ತವೆ. ಹತ್ತರಲ್ಲಿ ಸುಮಾರು ಒಂಬತ್ತು ನೌಕರರು ಇಂಥ ಒಪ್ಪಂದದಡಿ ಬರುತ್ತಾರೆ. ಯೂನಿಯನ್‌ಗೆ ಇಷ್ಟು ಬಲ ಬಂದದ್ದು ಹೇಗೆ ಅನ್ನೋದಕ್ಕೆ ಅಲ್ಲಿನ ರಾಜಕೀಯ ನೋಡಬೇಕು.

ಪಕ್ಷ ಮತ್ತು ಯೂನಿಯನ್

ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿದ್ದು 1889ರಲ್ಲಿ. ಕಾರ್ಮಿಕ ಸಂಘಗಳ ಒಕ್ಕೂಟ ‘ಎಲ್‌ಒ’ 1898ರಲ್ಲಿ. ಸ್ಥಳೀಯ ಸಂಘ ತೀರ್ಮಾನಿಸಿದರೆ ಅದರ ಸದಸ್ಯರು ಪಕ್ಷಕ್ಕೂ ಸೇರಿದಂತೆ. ಬೇಡ ಅನ್ನುವವರು ತಾವಾಗಿಯೇ ತಿಳಿಸಿ ಹೊರಗುಳಿಯಬೇಕಿತ್ತು. ಈ ಪದ್ಧತಿ 1990ರ ಹೊತ್ತಿಗೆ ಕೊನೆಗೊಂಡಿತು. 1932ರಿಂದ 1976ರವರೆಗೆ, 1936ರ ಕೆಲವು ತಿಂಗಳು ಬಿಟ್ಟರೆ, ಸರ್ಕಾರದ ನೇತೃತ್ವ ಇದೇ ಪಕ್ಷದ್ದು.

ಕಮ್ಯುನಿಸ್ಟರ ಪಾತ್ರ

1970ರ ಚುನಾವಣೆಯಲ್ಲಿ 350 ಸ್ಥಾನಗಳ ಪೈಕಿ ಸೋಷಿಯಲ್ ಡೆಮಾಕ್ರಟರಿಗೆ 163, ಕಮ್ಯುನಿಸ್ಟರಿಗೆ 17. ಎರಡೂ ಸೇರಿದರೆ ಬಹುಮತ. ಆದರೂ ಕಮ್ಯುನಿಸ್ಟರಿಗೆ ಮಂತ್ರಿಗಿರಿ ಸಿಗಲಿಲ್ಲ. ಈ ಸರ್ಕಾರ ಬಿದ್ದರೆ ಬಲಪಂಥೀಯರು ಬರುತ್ತಾರೆ ಅನ್ನೋ ಲೆಕ್ಕದಲ್ಲೇ ಬೆಂಬಲ ಮುಂದುವರಿಯಿತು. 1973ರಲ್ಲಿ ಎರಡೂ ಬಣಕ್ಕೆ ತಲಾ 175 ಬಂದು, ಮತ ಸಮವಾದಾಗ ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಈಗಿನ ಸಂವಿಧಾನದಲ್ಲಿ ಪ್ರಧಾನಿಯಾಗಲು ಬಹುಮತದ ಬೆಂಬಲ ಬೇಡ, ಬಹುಮತದ ವಿರೋಧ ಇಲ್ಲದಿದ್ದರೆ ಸಾಕು. ಹಾಗಾಗಿ ಸಣ್ಣ ಪಕ್ಷ ಸುಮ್ಮನಿದ್ದರೂ ಅದೇ ಬೆಂಬಲ.

ನಮ್ಮಲ್ಲಿ 2004ರಲ್ಲಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟು, 2008ರಲ್ಲಿ ಅಣು ಒಪ್ಪಂದದ ವಿಷಯಕ್ಕೆ ವಾಪಸ್ ಪಡೆದದ್ದು ನೆನಪಿರಬಹುದು. ಸ್ವೀಡನ್‌ನಲ್ಲೂ ಹಾಗೆ ಕೈಬಿಟ್ಟ ಸಂದರ್ಭಗಳಿವೆ.

ನಂಟು ಮುರಿದದ್ದು

1990ರ ಫೆಬ್ರುವರಿಯಲ್ಲಿ ಪ್ರಧಾನಿ ಇಂಗ್ವಾರ್ ಕಾರ್ಲ್‌ಸನ್ ಬೆಲೆ ಏರಿಕೆ ತಡೆಯಲು ವೇತನ ಏರಿಕೆ ನಿಲ್ಲಿಸಿ, ಮುಷ್ಕರಕ್ಕೂ ನಿಷೇಧ ಹಾಕಲು ಹೊರಟರು. ಎಲ್‌ಒ ನಾಯಕತ್ವವೇ ಮೊದಲು ತಲೆಯಾಡಿಸಿತ್ತು. ಕಾರ್ಮಿಕರು ರೊಚ್ಚಿಗೆದ್ದರು, ಕಮ್ಯುನಿಸ್ಟರು ವಿರುದ್ಧ ಮತ ಹಾಕಿದರು, ಸರ್ಕಾರ ರಾಜೀನಾಮೆ ಕೊಟ್ಟಿತು. ಆ ತಿಂಗಳ ಕೊನೆಗೆ ಕಾರ್ಲ್‌ಸನ್ ಮತ್ತೆ ಪ್ರಧಾನಿಯಾದರು, ಮುಷ್ಕರ ನಿಷೇಧ ಮಾತ್ರ ವಾಪಸ್ ಬರಲಿಲ್ಲ. ಅದೇ ವರ್ಷ ಕಮ್ಯುನಿಸ್ಟರು ಪಕ್ಷದ ಹೆಸರಿನಿಂದ ‘ಕಮ್ಯುನಿಸ್ಟ್’ ಪದ ತೆಗೆದು ‘ಎಡಪಕ್ಷ’ವಾದರು.

2021ರ ಜೂನ್‌ನಲ್ಲಿ ಹೊಸ ಮನೆಗಳ ಬಾಡಿಗೆಯನ್ನು ಮಾರುಕಟ್ಟೆಗೆ ಬಿಡುವ ಪ್ರಸ್ತಾಪಕ್ಕೆ ಎಡಪಕ್ಷ ಅವಿಶ್ವಾಸದ ಪರ ಮತ ಹಾಕಿತು. ಸೋತ ಪ್ರಧಾನಿ ಸ್ಟೆಫಾನ್ ಲೋವೆನ್ ಸ್ವತಃ ವೆಲ್ಡರ್ ಆಗಿದ್ದವರು, ಲೋಹ ಕಾರ್ಮಿಕರ ಯೂನಿಯನ್ ಅಧ್ಯಕ್ಷರಾಗಿದ್ದವರು. ಜುಲೈನಲ್ಲಿ ಅವರೂ ಮರಳಿ ಬಂದರು, ಬಾಡಿಗೆ ಪ್ರಸ್ತಾಪ ಕೈಬಿಟ್ಟೇ.

ನಮಗೆ ಗೊತ್ತಿರಬೇಕಾದದ್ದು

ಗಲ್ಫ್‌ನಿಂದ ಸ್ವೀಡನ್‌ಗೆ ಕೆಲಸಕ್ಕೆ ಹೋಗುವವರು ಕಂಪನಿಗೆ ಯೂನಿಯನ್ ಜೊತೆ ಸಾಮೂಹಿಕ ಒಪ್ಪಂದ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಸ್ವೀಡಿಷ್‌ನಲ್ಲಿ ಅದಕ್ಕೆ ‘ಕೊಲೆಕ್ಟಿವ್‌ಅವ್ತಾಲ್’ ಅನ್ನುತ್ತಾರೆ. ಅದಿಲ್ಲದಿದ್ದರೆ, ಸಂಬಳ ಕಡಿಮೆ ಅಂತ ತೋರಿಸಿ ಕೇಳಲು ಕಾನೂನಿನ ಕನಿಷ್ಠ ದರವೂ ಇರುವುದಿಲ್ಲ.