ವೆನಿಸ್‌ಗೆ ಎರಡು ದಿನ

ಬರುವ ಬೇಸಿಗೆಯಲ್ಲಿ ಪಡುವಾದ ಒಂದು ವಿಚಾರ ಸಂಕಿರಣಕ್ಕೆ ಹೋಗಬೇಕಿದೆ. ಅದು ಮುಗಿದ ಮೇಲೆ ನನಗೆ ಎರಡು ದಿನ ಬಿಡುವು. ಪಡುವಾದಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಎರಡು ದಿನದಲ್ಲಿ ಏನೇನು ನೋಡಬಹುದು ಎಂದು ಯಾರನ್ನೇ ಕೇಳಿದರೂ ಪಟ್ಟಿ ಒಂದೇ: ಸಂತ ಮಾರ್ಕನ ಚೌಕ, ಡೋಜ್‌ನ ಅರಮನೆ, ನಿಟ್ಟುಸಿರಿನ ಸೇತುವೆ, ಗೊಂಡೋಲಾ. ಗೊಂಡೋಲಾದಲ್ಲಿ ಅರ್ಧ ಗಂಟೆ ಸುತ್ತಲು 90 ಯೂರೋ. ಫೆಲೋಶಿಪ್ ನಂಬಿಕೊಂಡ ನನ್ನಂಥವಳಿಗೆ ಅದನ್ನು ಪಟ್ಟಿಯಿಂದ ತೆಗೆಯುವುದು ಕಷ್ಟವಾಗಲಿಲ್ಲ. ಉಳಿದದ್ದನ್ನು ಹೇಗೆ ಆರಿಸುವುದು?

ನನ್ನ ಓದು ವಿಜಯನಗರ ಕಾಲದ ವ್ಯಾಪಾರದ ಸುತ್ತ. ಹಾಗಾಗಿ ಪ್ರವಾಸದ ಕೈಪಿಡಿ ಬದಿಗಿಟ್ಟು, ವೆನಿಸ್‌ನಿಂದ ನಮ್ಮ ಕಡೆಗೆ ಬಂದವನೊಬ್ಬನ ಜಾಡು ಹಿಡಿದೆ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸೀಸರ್ ಫ್ರೆಡರಿಕ್ ಎಂದು ಕಾಣಿಸುವ ಚೆಸಾರೆ ಫೆದೆರಿಚಿ 1563ರಲ್ಲಿ ವೆನಿಸ್ ಬಿಟ್ಟ ವ್ಯಾಪಾರಿ. ಅಲೆಪ್ಪೊ, ಹೊರ್ಮುಜ್ ದಾಟಿ ಗೋವೆಗೆ ಬಂದ. ಅಲ್ಲಿಂದ 1567ರಲ್ಲಿ, ಅರಬ್ಬಿ ಕುದುರೆಗಳನ್ನು ಮಾರಲು ಹೊರಟ ಇಬ್ಬರು ವ್ಯಾಪಾರಿಗಳ ಜೊತೆ ವಿಜಯನಗರಕ್ಕೆ ಹೋದ. ರಕ್ಕಸಗಿ-ತಂಗಡಗಿ ಯುದ್ಧ ನಡೆದು ಆಗ ಎರಡು ವರ್ಷವಾಗಿತ್ತು.

ಅವನದೂ ಚಿಕ್ಕ ಪ್ರವಾಸವೇ ಆಗಬೇಕಿತ್ತು. ಒಂದು ತಿಂಗಳಲ್ಲಿ ಮುಗಿಯುವ ಕೆಲಸ. ಆದರೆ ದಾರಿಯಲ್ಲಿ ಕಳ್ಳರ ಕಾಟ ಹೆಚ್ಚಿದ್ದರಿಂದ ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು. ಹೀಗೆ ಕಟ್ಟಿಹಾಕಿದಂತೆ ಕೂತದ್ದರಿಂದಲೇ ಅವನ ಬರಹಕ್ಕೆ ಬೆಲೆ ಬಂದದ್ದು. ಹಾಳು ಹಂಪೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಡೆದ ಗೋಡೆ, ಮುರಿದ ಮೂರ್ತಿ. ಫೆದೆರಿಚಿ ಹೇಳುವುದು ಬೇರೆ. ನಗರ ಪೂರ್ತಿ ನೆಲಸಮವಾಗಿರಲಿಲ್ಲ. ಮನೆಗಳು ಇನ್ನೂ ನಿಂತಿದ್ದವು. ಒಳಗೆ ಜನ ಇರಲಿಲ್ಲ. ಹುಲಿಗಳೂ ಕಾಡುಮೃಗಗಳೂ ಅಲ್ಲಿ ಸೇರಿಕೊಂಡಿವೆ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು. ತಿರುಮಲರಾಯ ಕುದುರೆ ತಂದವರಿಗೆ ಹಣ ಕೊಡುವುದಾಗಿ ಸಾರಿ, ಕೊನೆಗೆ ಬರಿಗೈಲಿ ಕಳಿಸಿದ ಎಂದೂ ಬರೆಯುತ್ತಾನೆ. ಅದೇ ವರ್ಷ ಆಸ್ಥಾನ ಪೆನುಕೊಂಡೆಗೆ ಹೋಯಿತು. ಯುದ್ಧ ಊರನ್ನು ಕೆಡವಿತು ನಿಜ. ಆದರೆ ಅದು ಮತ್ತೆ ಏಳದಂತೆ ಮಾಡಿದ್ದು ಜನ ಹಿಂತಿರುಗಿ ಬಾರದೇ ಹೋದದ್ದು.

ಫೆದೆರಿಚಿ 1581ರಲ್ಲಿ ವೆನಿಸ್‌ಗೆ ಮರಳಿದ. ಅವನ ಪ್ರವಾಸಕಥನ 1587ರಲ್ಲಿ ಅಲ್ಲೇ ಅಚ್ಚಾಯಿತು. ನನ್ನ ಮೊದಲ ದಿನ ಅವನು ಬಲ್ಲ ರಿಯಾಲ್ಟೊಗೆ ಮೀಸಲು. ಇಂದು ಎಲ್ಲರೂ ಫೋಟೊ ತೆಗೆದುಕೊಳ್ಳುವ ಕಲ್ಲಿನ ಸೇತುವೆಯ ಕೆಲಸ ಶುರುವಾದದ್ದು 1588ರಲ್ಲಿ; ಅವನು ದಾಟುತ್ತಿದ್ದುದು ಮರದ ಸೇತುವೆಯನ್ನು. ಸೇತುವೆಯ ಪಕ್ಕದಲ್ಲೇ ಜರ್ಮನ್ ವರ್ತಕರ ಛತ್ರವೂ ಗೋದಾಮೂ ಆಗಿದ್ದ ಫೊಂದಾಕೊ ದೇಯಿ ತೆದೆಸ್ಕಿ ಇದೆ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅಲೆಕ್ಸಾಂಡ್ರಿಯಾದ ದಾರಿಯಾಗಿ ವೆನಿಸ್ ಸೇರಿ, ಇಲ್ಲಿಗೆ ಬರುತ್ತಿದ್ದ ವರ್ತಕರ ಮೂಲಕ ಆಲ್ಪ್ಸ್‌ನ ಆಚೆಗೆ ಹೋಗುತ್ತಿತ್ತು. ಈ ಕಟ್ಟಡ 20ನೇ ಶತಮಾನದಲ್ಲಿ ಅಂಚೆ ಕಚೇರಿಯಾಯಿತು, 2016ರಲ್ಲಿ ಪ್ರವಾಸಿಗರಿಗಾಗಿ ದುಬಾರಿ ಮಳಿಗೆಯಾಯಿತು. 2025ರಲ್ಲಿ ಆ ಮಳಿಗೆಯೂ ಬಾಗಿಲು ಹಾಕಿತು. ಮೆಣಸು, ಅಂಚೆ, ಕೈಚೀಲ: ವೆನಿಸ್‌ನ ಐದುನೂರು ವರ್ಷದ ಇತಿಹಾಸ ಒಂದೇ ಅಂಗಳದಲ್ಲಿದೆ.

ಎರಡನೆಯ ದಿನ ಮಾರ್ಚಾನಾ ಗ್ರಂಥಾಲಯ. ಕೊರ್ರೆರ್ ವಸ್ತುಸಂಗ್ರಹಾಲಯದ ಟಿಕೆಟ್‌ನಲ್ಲೇ ಅದರ ಹಳೆಯ ಕೋಣೆಗಳಿಗೂ ಪ್ರವೇಶವಿದೆ. ಅಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ 1450ರ ಸುಮಾರಿಗೆ ಸಿದ್ಧಪಡಿಸಿದ ಜಗತ್ತಿನ ನಕ್ಷೆ ಇದೆ. ದಕ್ಷಿಣವನ್ನು ಮೇಲಿಟ್ಟು ಬರೆದ, ಸುಮಾರು ಎರಡು ಮೀಟರ್ ಅಗಲದ ವೃತ್ತ. ವಿಜಯನಗರವನ್ನು ಅದರ ಏಳಿಗೆಯ ದಿನಗಳಲ್ಲೇ ಕಂಡಿದ್ದ ವೆನಿಸ್‌ನ ನಿಕೊಲೊ ಕಾಂಟಿ ತಂದ ಸುದ್ದಿಗಳೂ ಈ ನಕ್ಷೆಯೊಳಗೆ ಸೇರಿವೆ ಎನ್ನುತ್ತಾರೆ ವಿದ್ವಾಂಸರು. ನಮ್ಮ ನಾಡು ತಲೆಕೆಳಗಾಗಿ ಹೇಗೆ ಕಾಣುತ್ತದೋ ನೋಡಬೇಕು.

ಇಷ್ಟರಲ್ಲಿ ಯೋಜನೆ ಮುಗಿಯಬೇಕಿತ್ತು. ಉಳಿದುಕೊಳ್ಳಲು ಜಾಗ ಹುಡುಕಲು ಕೂತಾಗ ಫೆದೆರಿಚಿ ಮತ್ತೆ ಎದುರಾದ. 1951ರಲ್ಲಿ ವೆನಿಸ್‌ನ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕೆಲಸಗಳು ಒಳನಾಡಿನ ಕಡೆಗೆ ಹೋದವು, 1966ರ ಮಹಾಪ್ರವಾಹ ನೆಲಮಹಡಿಯ ಮನೆಗಳನ್ನು ಹಾಳು ಮಾಡಿತು, ಆಮೇಲೆ ಉಳಿದ ಮನೆಗಳೂ ಒಂದೊಂದಾಗಿ ಪ್ರವಾಸಿಗರ ಕೋಣೆಗಳಾದವು. ಇಲ್ಲಿಯೂ ಮನೆಗಳು ನಿಂತೇ ಇವೆ. ಹುಲಿಗಳ ಬದಲು ಒಳಗಿರುವವರು ನಾವು, ಎರಡು ದಿನದ ಅತಿಥಿಗಳು. ಬೆಳಗ್ಗೆ ಬಂದು ಸಂಜೆ ಹೋಗುವವರಿಂದ ಕೆಲವು ದಿನಗಳಲ್ಲಿ ಶುಲ್ಕ ಪಡೆಯುವ ಪದ್ಧತಿಯನ್ನು ನಗರಸಭೆ 2024ರಲ್ಲಿ ಆರಂಭಿಸಿತು. ನಗರಕ್ಕೆ ಟಿಕೆಟ್ ಎಂದು ನಕ್ಕವರಿದ್ದಾರೆ. ಆ ನಗುವಿನಲ್ಲಿ ನನಗೆ ಸೇರಿಕೊಳ್ಳಲಾಗುತ್ತಿಲ್ಲ.

ಏಕೆಂದರೆ ಇದು ವೆನಿಸ್‌ನ ಕತೆ ಮಾತ್ರವಲ್ಲ. ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ, ವೆನಿಸ್ ಅದರ ಮರುವರ್ಷ. 2011ರಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ಸ್ಮಾರಕ ಉಳಿಸಲೆಂದು, ಇಲ್ಲಿ ಸಂತೆಯ ಒತ್ತಡದಿಂದ, ಕಾರಣಗಳು ಬೇರೆ. ಎರಡೂ ಕಡೆ ಕೊನೆಗೆ ನೋಡುವವರು ಉಳಿಯುತ್ತಾರೆ, ಇರುವವರು ಹೋಗುತ್ತಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಕಲ್ಲನ್ನು ಓದಲು ಕಲಿತಿದ್ದೇವೆ. ಬಾಗಿಲ ಹಿಂದೆ ಯಾರಿದ್ದಾರೆ ಎಂದು ಕೇಳಲು ಫೆದೆರಿಚಿಯಂಥ ವ್ಯಾಪಾರಿಯೇ ಬೇಕಾಯಿತು.

ಹೋಗುವುದನ್ನು ಬಿಡುತ್ತಿಲ್ಲ. ವಾಸದ ಮನೆಯೊಂದನ್ನು ಬಾಡಿಗೆಗೆ ಹಿಡಿಯುವ ಬದಲು ಹಾಸ್ಟೆಲ್ ಹುಡುಕುತ್ತಿದ್ದೇನೆ. ಪಟ್ಟಿಗೆ ಇನ್ನೊಂದು ಜಾಗವನ್ನೂ ಸೇರಿಸಿದ್ದೇನೆ. ಫೊಂದಾಕೊದ ಪಕ್ಕದ ಸಂತ ಬಾರ್ತೊಲೊಮಿಯೊ ಚೌಕದಲ್ಲಿ ಒಂದು ಔಷಧದ ಅಂಗಡಿ ಇದೆ. ಹಳೆಯ ನಗರದಲ್ಲಿ ಉಳಿದಿರುವ ನಿವಾಸಿಗಳೆಷ್ಟು ಎಂದು ತೋರಿಸುವ ಫಲಕವನ್ನು 2008ರಲ್ಲಿ ಅದರ ಕಿಟಕಿಯಲ್ಲಿ ಇಟ್ಟರು. ಅದನ್ನು ನೋಡಲು ಟಿಕೆಟ್ ಬೇಡ, ಸರದಿಯೂ ಇರಲಾರದು. ಆ ಸಂಖ್ಯೆಯನ್ನು ಬರೆದುಕೊಂಡು ಬರುತ್ತೇನೆ.